ಪಾಚಿನೀರು

ಬಾಯಿ ತೆರೆದು ಮಲಗಿದ್ದ ಮುದುಕರ ಮೂಗು ಅರಳಿ ಮುದುಡಿದ್ದನ್ನು ಅವಳು ಕಂಡಳು. ಡಾಕ್ಟರಮ್ಮ ಅವರ ಕೆಳದವಡೆಯ ಹಿಂದಿನ ಹಲ್ಲನ್ನು ಕೊರೆಯುತ್ತಿದ್ದರು. ನಾಲಗೆಯ ಬದಿಯಲ್ಲಿ ತುಂಬಿಕೊಳ್ಳುವ ನೀರನ್ನು ಹೀರುವ ಕೊಳವೆ ಅವಳ ಕೈಯಲ್ಲಿತ್ತು. ಕೈಗವಸು ಹಾಕಿದ್ದಳು. ಅದಕ್ಕೂ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆದಿದ್ದಳು, ಅದಕ್ಕೂ ಮೊದಲು ಮನೆಯಲ್ಲಿ ನಿಂಬೆಸಿಪ್ಪೆಯಿಂದ ಉಜ್ಜಿಕೊಂಡಿದ್ದಳು. ಆದರೂ ವಾಸನೆ ಅಲ್ಲೇ ಇತ್ತು, ಉಗುರಿನ ಸಂದಿಯಲ್ಲೋ ಗಡಿಯಾರದ ಪಟ್ಟಿಯ ಕೆಳಗೋ. ಉಪ್ಪು, ತುಕ್ಕು, ದಡಕ್ಕೆ ಬಿದ್ದು ಬಿಸಿಲಿಗೆ ಹಳಸಿದ ಏನೋ ಒಂದು. ಬೇರೆಯವರಿಗೆ ಬರುತ್ತದೋ, ತನಗೆ ಮಾತ್ರ ಬರುತ್ತದೋ ಎಂದು ಇಷ್ಟು ದಿನ ಅನುಮಾನವಿತ್ತು. ಈಗ ಆ ಮೂಗಿನ ಹೊಳ್ಳೆಗಳನ್ನು ನೋಡಿದ ಮೇಲೆ ಅದೂ ಉಳಿಯಲಿಲ್ಲ. ಯಂತ್ರ ನಿಂತ ಕೂಡಲೇ ಮುದುಕರು ಎದ್ದು ಕೂತು, ಉಗುಳಿ, ಬಾಯಿ ಒರೆಸಿಕೊಂಡು, ಜೋಮು ಹಿಡಿದ ತುಟಿಯಿಂದಲೇ ಕೇಳಿದರು.

"ಇಲ್ಲೇನು ಮೀನು ಗೀನು ತೊಳೆದ್ರೇನಮ್ಮಾ?"

"ಹಲ್ಲು ತೋರಿಸಕ್ಕೆ ಬಂದೋರಿಗೆ ಮೂಗು ಇಷ್ಟು ಚುರುಕಾಗಿರಬಾರದು ತಾತ," ಎಂದು ಡಾಕ್ಟರಮ್ಮ ನಕ್ಕರು. ಅವಳೂ ನಕ್ಕಳು. ಮುಖಗವಸಿನ ಹಿಂದೆ ಕೆಲಸ ಮಾಡಿ ಮಾಡಿ ಕಣ್ಣಿನಲ್ಲಷ್ಟೇ ನಗುವುದು ಅವಳಿಗೆ ರೂಢಿಯಾಗಿತ್ತು. ಬಾಯಿ ತನ್ನ ಪಾಡಿಗೆ ಬಿಗಿದುಕೊಂಡೇ ಇರಬಹುದಿತ್ತು.

ಮುದುಕರು ಹೋದ ಮೇಲೆ ಡಾಕ್ಟರಮ್ಮ ಕೈಗವಸು ಕಳಚುತ್ತ, ಅವಳ ಮುಖ ನೋಡದೆ, "ಸಿಸ್ಟರ್, ತಪ್ಪು ತಿಳ್ಕೋಬೇಡಿ," ಎಂದರು. ಅವಳು ನರ್ಸಲ್ಲ, ಆದರೂ ಬಂದ ದಿನದಿಂದ ಇಲ್ಲಿ ಸಿಸ್ಟರೇ. ಡಾಕ್ಟರಮ್ಮ ಅವಳಿಗಿಂತ ಎಷ್ಟೋ ಚಿಕ್ಕವರು, ಅವರ ತಂದೆ ಇದೇ ಕುರ್ಚಿಯ ಪಕ್ಕ ನಿಂತಿದ್ದ ಕಾಲದಿಂದ ಅವಳು ಇಲ್ಲಿದ್ದಾಳೆ. "ಮನೇಲಿ ಗಿಡಕ್ಕೆ ಹಾಕ್ತೀರಲ್ಲ, ಆ ಔಷಧಿ ಬೆಳಿಗ್ಗೆ ಬೇಡ. ಸಂಜೆ ಹಾಕಿ. ನಮ್ಮ ಹತ್ರ ಬರೋರು ಮೊದ್ಲೇ ಹೆದರಿರ್ತಾರೆ." ಆಗಲಿ ಎಂದಳು. ಆಗುವುದಿಲ್ಲ ಎಂದು ಗೊತ್ತಿತ್ತು. ಸಂಜೆ ಒದ್ದೆ ಮಾಡಿದರೆ ರಾತ್ರಿಯೆಲ್ಲ ಎಲೆಗಳ ಬುಡದಲ್ಲಿ ನೀರು ನಿಂತು ಕೊಳೆಯುತ್ತದೆ. ಬೆಳಿಗ್ಗೆಯೇ ಆಗಬೇಕು. ಇನ್ನು ಮೇಲೆ ಎರಡು ಜೊತೆ ಕೈಗವಸು ಹಾಕಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಬಳಸಿದ ಚಿಮಟ, ಕನ್ನಡಿ, ಕೊಕ್ಕೆಗಳನ್ನು ತಟ್ಟೆಗೆ ಹಾಕಿಕೊಂಡು ಒಳಕೋಣೆಗೆ ಹೋದಳು.

ಒಳಕೋಣೆಯಲ್ಲಿ ಅವಳದೇ ರಾಜ್ಯ. ಉಪಕರಣಗಳನ್ನು ಬ್ರಷ್ಷಿನಿಂದ ತಿಕ್ಕಿ, ತೊಳೆದು, ಹಬೆಯ ಪೆಟ್ಟಿಗೆಯಲ್ಲಿ ಬೇಯಿಸಿ, ಒಣಗಿಸಿ, ಪೊಟ್ಟಣ ಕಟ್ಟಿಡುವುದು. ಹಳೆಯ ಡಾಕ್ಟರು ಕಲಿಸಿದ ಒಂದೇ ಪಾಠ: ಸತ್ತದ್ದನ್ನು ಹಾಗೇ ಬಿಟ್ಟರೆ ಬದುಕಿದ್ದೂ ಕೊಳೆಯುತ್ತದೆ, ಕಪ್ಪಗಾದದ್ದು, ಮೆತ್ತಗಾದದ್ದು, ಅನುಮಾನವಿರುವುದು, ಎಲ್ಲವನ್ನೂ ತೆಗೆ, ಗಟ್ಟಿ ಸಿಗುವವರೆಗೆ ತೆಗೆ. ಆ ಪಾಠವನ್ನು ಅವಳು ಮನೆಗೂ ಒಯ್ದಿದ್ದಳು. ಅವಳ ಅಡುಗೆಮನೆಯ ಡಬ್ಬಿಗಳ ತಳದಲ್ಲಿ ಹಳೆಯ ಬೇಳೆಯ ಒಂದು ಕಾಳೂ ಇರುತ್ತಿರಲಿಲ್ಲ. ಕೆಲವು ವಾರಗಳ ಹಿಂದೆ ಒಂದು ರಜೆಯ ದಿನ ಗಿಡಕ್ಕೂ ಅದೇ ಪಾಠವಾಯಿತು. ನೋಡಿಕೊಳ್ಳಲೆಂದು ಕೈಗೆ ಬಂದಿದ್ದ ಆರ್ಕಿಡ್ ಗಿಡವನ್ನು ಊಟದ ಮೇಜಿನ ಮೇಲೆ, ಹಳೆಯ ಪೇಪರು ಹಾಸಿ, ಇಟ್ಟುಕೊಂಡು ಕೂತಿದ್ದಳು. ಹೂವು ಮುಗಿದು ದಂಡು ಒಣಗಿತ್ತು. ಪಾರದರ್ಶಕ ಕುಂಡದೊಳಗೆ ತೊಗಟೆಯ ಚೂರುಗಳ ನಡುವೆ, ಕುಂಡದ ಅಂಚು ದಾಟಿ ಹೊರಗೂ, ಬೇರುಗಳು ಬಿಳಿಬಿಳಿಯಾಗಿ, ಬೂದಿ ಬಳಿದ ದಾರದ ಹಾಗೆ, ಜೀವದ ಸುಳಿವಿಲ್ಲದೆ ಬಿದ್ದುಕೊಂಡಿದ್ದವು. ಮುಟ್ಟಿದರೆ ಒಣಗಿದ ಹತ್ತಿಬಟ್ಟೆ. ಸತ್ತಿವೆ, ಪಾಪ, ಇಷ್ಟು ದಿನ ಈ ಗಿಡ ಹೆಣಗಳನ್ನು ಹೊತ್ತುಕೊಂಡು ನಿಂತಿತ್ತು ಎಂದುಕೊಂಡಳು. ಕತ್ತರಿಯನ್ನು ಉರಿಗೆ ಹಿಡಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಒಂದೊಂದಾಗಿ ಕತ್ತರಿಸಿದಳು. ಆ ನೆಮ್ಮದಿಯನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಕತ್ತರಿ ಕಚಕ್ಕೆಂದಾಗಲೆಲ್ಲ ಒಂದು ತಪ್ಪು ಸರಿಹೋದ ಹಾಗಾಗುತ್ತಿತ್ತು, ಹಲ್ಲಿನ ಸಂದಿಯ ಕಸ ಎದ್ದು ಬಂದ ಹಾಗೆ. ಕೊನೆಗೆ ನಾಲ್ಕಾರು ದಪ್ಪ ಎಲೆಗಳು ಮತ್ತು ಹೆಬ್ಬೆರಳಿನಷ್ಟು ಬೊಡ್ಡೆ ಉಳಿದವು, ಅಚ್ಚುಕಟ್ಟಾಗಿ, ಆಪರೇಷನ್ನಿಗೆ ಸಿದ್ಧವಾದಂತೆ. ಕತ್ತರಿಸಿದ್ದನ್ನೆಲ್ಲ ಬಾಚಿ ನಲ್ಲಿಯ ಕೆಳಗಿನ ತೊಟ್ಟಿಗೆ ಹಾಕಿ, ಕತ್ತರಿ ತೊಳೆಯಲೆಂದು ನಲ್ಲಿ ತಿರುಗಿಸಿದಳು. ನೀರು ಬಿತ್ತು. ತೊಟ್ಟಿಯಲ್ಲಿ ಗುಡ್ಡೆಯಾಗಿದ್ದ ಆ ಬೂದಿಬಣ್ಣದ ದಾರಗಳು, ಅವಳ ಕಣ್ಣೆದುರೇ, ಒಂದರ ಹಿಂದೊಂದು, ಹಸಿರಾದವು. ಎಳೆ ಹುರುಳಿಕಾಯಿಯ ಹಸಿರು. ಅವು ಸತ್ತಿರಲಿಲ್ಲ. ಬಾಯಾರಿದ್ದವು, ಅಷ್ಟೆ.

ನಲ್ಲಿ ನಿಲ್ಲಿಸಿದರೆ ಮತ್ತೆ ಬೆಳ್ಳಗಾಗಿಬಿಡುತ್ತವೆಯೋ ಏನೋ ಎಂಬಂತೆ ಬಹಳ ಹೊತ್ತು ನೀರು ಬಿಟ್ಟುಕೊಂಡೇ ನಿಂತಿದ್ದಳು.

ಏನೂ ಮಾಡಬೇಡ ಎಂದಿದ್ದರು ಅಕ್ಕ. ಅಕ್ಕ ಎಂದರೆ ಗಂಡನ ಅಣ್ಣನ ಹೆಂಡತಿ, ಅವಳ ಓರಗಿತ್ತಿ. ಸೊಂಟದ ಕೀಲು ಬದಲಿಸುವ ಆಪರೇಷನ್ನಿಗೆ ಹೋಗುವ ಮುಂಚೆ ಅವರ ಗಿಡಗಳೆಲ್ಲ ನೆರೆಹೊರೆಗೆ ಹಂಚಿಹೋಗಿದ್ದವು. ಇದೊಂದನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ಕಾರಿನಲ್ಲಿ ಬಂದಿದ್ದರು. ಕಡ್ಡಿಯ ಮೇಲೆ ಹುಟ್ಟಿದ ಮರಿಯನ್ನು ಬಿಡಿಸಿ, ವರ್ಷಗಟ್ಟಲೆ ಸಾಕಿ, ಮೊದಲ ಹೂವಿಗೆ ಬೀದಿಯವರನ್ನೆಲ್ಲ ಕರೆದು ತೋರಿಸಿದ್ದ ಗಿಡ. "ಬೇರೆಯವರು ಅತಿ ಉಪಚಾರ ಮಾಡಿ ಸಾಯಿಸ್ತಾರೆ. ನೀನಾದ್ರೆ ಸುಮ್ನಿರ್ತೀಯ. ವಾರಕ್ಕೊಂದ್ಸಲ ನೀರು ತೋರ್ಸು, ಇನ್ನೇನೂ ಮಾಡ್ಬೇಡ. ಏನೂ ಮಾಡದೆ ಇರೋದು ನಿನಗೆ ಬರುತ್ತಲ್ಲ?" ಎಂದು ಕೆನ್ನೆ ತಟ್ಟಿದ್ದರು. ಪ್ರೀತಿಯಿಂದಲೇ. ಅಕ್ಕನದು ಯಾವಾಗಲೂ ಪ್ರೀತಿಯೇ, ಅದಕ್ಕೇ ಎದುರು ಮಾತಾಡಲು ಜಾಗವಿರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕೈಯಿಂದ ಸೌಟು ಕಸಿದುಕೊಂಡು "ನೀನು ಬಿಡು, ಪಾಪ, ನಾನು ಮಾಡ್ತೀನಿ" ಅಂದವರು ಇವರೇ. ಅತ್ತೆ ಹಾಸಿಗೆ ಹಿಡಿದಾಗ, ದಿನವೂ ಸಿರಿಂಜು ಹಿಡಿಯುವ ಇವಳು ಪಕ್ಕದಲ್ಲೇ ಇದ್ದರೂ, ಇಂಜೆಕ್ಷನ್ ಚುಚ್ಚಲು ಕಲಿತು ಚುಚ್ಚಿದವರು ಅಕ್ಕ. "ನೀನು ಬಿಡು, ನಿನ್ನ ಕೈ ನಡುಗುತ್ತೆ." ಅವಳ ಕೈ ಎಂದೂ ನಡುಗಿದ್ದಿಲ್ಲ. ಆದರೆ ಆ ಮಾತಾದ ಮೇಲೆ ಅತ್ತೆಯ ಕೋಣೆಗೆ ಹೋದಾಗಲೆಲ್ಲ ನಿಜಕ್ಕೂ ನಡುಗುತ್ತಿತ್ತು. ಕೈಗುಣ ಎನ್ನುವುದೊಂದು ಇರುತ್ತದೆ, ಅದು ದೊಡ್ಡವಳಿಗಿದೆ, ಚಿಕ್ಕವಳಿಗಿಲ್ಲ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ನಡೆದುಕೊಂಡರು, ಅಷ್ಟೆ. ಹಾಗಾದರೆ ಅವತ್ತು ಕತ್ತರಿ ಎತ್ತಿಕೊಂಡದ್ದು ಬರೀ ಶುಚಿಯ ಚಟವೇ, ಅಥವಾ ಏನಾದರೂ ಮಾಡಿಯೇ ತೋರಿಸುತ್ತೇನೆ ಎನ್ನುವ ಒಳಗಿನ ಕಿಚ್ಚೇ? ಉಪಕರಣಗಳನ್ನು ತಿಕ್ಕುತ್ತ ಈ ಪ್ರಶ್ನೆಯನ್ನು ಅವಳು ಎಷ್ಟೋ ಸಲ ತಿಕ್ಕಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಉಳಿದದ್ದು ಬೊಡ್ಡೆ. ಅದನ್ನೇ ಕವರಿನಲ್ಲಿ ಸುತ್ತಿಕೊಂಡು ಮಾರನೆಯ ದಿನ ಬೀಜ ಗೊಬ್ಬರದ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಬೆಕ್ಕಿಗೆ ಹಾಲಿಡುತ್ತಿದ್ದ. ಬೊಡ್ಡೆಯನ್ನು ತಿರುಗಿಸಿ ನೋಡಿ, "ಯಾರು ಮಾಡಿದ್ದು ಈ ಕಟಿಂಗು?" ಎಂದ. ಅವಳು ಖಾಲಿ ಕವರನ್ನು ಮಡಿಸತೊಡಗಿದಳು. "ಕಟಿಂಗ್ ಮಾತ್ರ ಬಹಳ ನೀಟಾಗಿದೆ ಬಿಡಿ," ಎಂದು ತಾನೇ ಸಮಾಧಾನ ಹೇಳಿ, ಮೇಲಿನ ಅಟ್ಟಣೆಯಿಂದ ಒಂದು ಪುಟ್ಟ ಬಾಟಲಿ ಇಳಿಸಿದ. ಒಳಗೆ ಕಾಫಿ ಗಸಿಯಂಥ ಕಪ್ಪು ದ್ರವ. "ಸೀವೀಡು. ಸಮುದ್ರದ ಪಾಚಿ ಹಿಂಡಿದ್ದು. ಬೇರು ಹೊಡೆಯೋಕೆ ಒಳ್ಳೇದು."

"ಬಂದೇ ಬರುತ್ತಾ?"

"ನಾನು ಜ್ಯೋತಿಷ್ಯ ಹೇಳಲ್ಲಮ್ಮ, ಗೊಬ್ಬರ ಮಾರ್ತೀನಿ. ಗಿಡಕ್ಕೆ ಇನ್ನೂ ಮನಸ್ಸಿದ್ರೆ ಇದು ಬೆನ್ನು ತಟ್ಟುತ್ತೆ. ಮನಸ್ಸಿಲ್ದಿದ್ರೆ ಸಮುದ್ರಾನೇ ತಂದು ಸುರಿದ್ರೂ ಅಷ್ಟೆ. ಒಂದು ಮಾತು: ಕಮ್ಮಿ ಹಾಕಿ. ಒಂದು ಬಕೆಟ್ಟಿಗೆ ಒಂದೆರಡು ಚಮಚ. ಜಾಸ್ತಿ ಹಾಕಿದ್ರೆ ಬೇಗ ಬರುತ್ತೆ ಅಂತ ಎಲ್ಲರೂ ಮಾಡೋ ತಪ್ಪು, ಸುಟ್ಟು ಹೋಗುತ್ತೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬುಡ ಮಾತ್ರ ನೆನೆಸಿ, ಆಮೇಲೆ ಒದ್ದೆ ನಾರಿನ ಮೇಲೆ ಕೂರಿಸಿ, ಗಾಳಿ ಬೆಚ್ಚಗೆ ತೇವವಾಗಿರಲಿ. ಆಮೇಲೆ ಮರೆತುಬಿಡಿ."

ಮರೆಯುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ ಹಾಗೇ ಮಾಡಿದಳು. ಮನೆಯಲ್ಲಿ ಗಾಳಿ ತೇವವಾಗಿರುವ ಜಾಗ ಬಚ್ಚಲೊಂದೇ. ಅದರ ಕಿಟಕಿಯ ಕಟ್ಟೆಯ ಮೇಲೆ, ಗಾಜಿನ ಜಾಡಿಯಲ್ಲಿ, ನಾರಿನ ಮೇಲೆ ಬೊಡ್ಡೆಯನ್ನು ಕೂರಿಸಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲವನ್ನು ಟೊಪ್ಪಿಗೆಯಂತೆ ಹೊದಿಸಿದಳು. ದಿನ ಬಿಟ್ಟು ದಿನ ಬೆಳಿಗ್ಗೆ ಕ್ಲಿನಿಕ್ಕಿನ ಸಿರಿಂಜಿನಲ್ಲಿ ಗೆರೆಗೆ ಗೆರೆ ಹೊಂದಿಸಿ ಆ ಕಪ್ಪನ್ನು ಎಳೆದು ನೀರಿಗೆ ಬಿಡುತ್ತಿದ್ದಳು. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಅವಳ ಕೈ ನಡುಗುತ್ತಿರಲಿಲ್ಲ. ಮೊದಲ ಕೆಲವು ದಿನ ಮಾತ್ರ, ಎಷ್ಟು ಬೇಡವೆಂದುಕೊಂಡರೂ, ನಾರನ್ನು ಸರಿಸಿ ನೋಡುತ್ತಿದ್ದಳು. ನೋಡಿದರೆ ಬರುವುದಿಲ್ಲ, ಬಂದದ್ದೂ ಮುರಿಯುತ್ತದೆ ಎಂದು ಗೊತ್ತಿದ್ದೂ. ತೆಗೆಯುವುದನ್ನು, ತಿಕ್ಕುವುದನ್ನು, ಕೆರೆದು ನೋಡುವುದನ್ನು ಮಾತ್ರ ಕಲಿತ ಬೆರಳುಗಳು. ಇರಲಿ ಬಿಡು ಎನ್ನುವುದನ್ನು ಅವಕ್ಕೆ ಈ ವಯಸ್ಸಿನಲ್ಲಿ ಹೊಸದಾಗಿ ಹೇಳಿಕೊಡಬೇಕಾಯಿತು. ಒಂದು ಎಲೆ ಸೊರಗಿ ಹಳದಿಯಾಗಿ ಉದುರಿತು. ಅದನ್ನು ಕಸಕ್ಕೆ ಹಾಕದೆ ಎರಡು ದಿನ ಕಟ್ಟೆಯ ಮೇಲೇ ಇಟ್ಟುಕೊಂಡಿದ್ದಳು.

ಆ ಮುದುಕರು ಬಂದುಹೋದ ದಿನವೇ ಮಧ್ಯಾಹ್ನ, ಹಬೆಯ ಪೆಟ್ಟಿಗೆ ಸುಯ್ಯೆನ್ನುತ್ತಿದ್ದಾಗ, ಫೋನು ಬಂತು. ಅಕ್ಕ.

"ಏನೇ ಚಿಕ್ಕೋಳೆ, ಊಟ ಆಯ್ತಾ? ಆಸ್ಪತ್ರೆಯೋರು ನನ್ನ ಬಿಟ್ಟುಬಿಟ್ರು ಕಣೆ. ಇನ್ನೊಂದು ವಾರ ಇರಿ ಅಂದ್ರು, ನಿಮ್ಮ ಸಪ್ಪೆ ಗಂಜಿ ಕುಡಿಯೋಕೆ ನನ್ನ ಸೊಂಟಕ್ಕೆ ಶಕ್ತಿ ಇಲ್ಲ ಅಂದೆ. ಸಂಜೆ ಮನೆಗೆ ಹೋಗ್ತಾ ಹಾಗೇ ನಿಮ್ಮಲ್ಲಿಗೆ ಬಂದು ಗಿಡ ತಗೊಂಡ್ಹೋಗ್ತೀನಿ."

"ಇವತ್ತಾ?" ಎಂದಳು.

"ಯಾಕೆ, ಇವತ್ತು ಬಂದ್ರೆ ಬಾಗಿಲು ಹಾಕ್ಕೋತೀಯಾ?" ಅಕ್ಕ ನಕ್ಕರು. ಆಮೇಲೆ ದನಿ ಇಳಿಸಿ, "ಗಿಡ ಚೆನ್ನಾಗಿದೆ ತಾನೆ? ನೀನು ಕಳ್ಸಿದ ಫೋಟೋ ಎಲ್ಲ ಒಂದೇ ತರ ಇದೆಯಲ್ಲೇ. ಬೆಳಕು ಕೂಡ ಒಂದೇ ತರ."

ಅವಳು ಕಳಿಸುತ್ತಿದ್ದದ್ದು ಗಿಡ ಬಂದ ದಿನವೇ ಮೋಜಿಗೆಂದು ತೆಗೆದಿದ್ದ ಫೋಟೋಗಳು. ಒಂದೊಂದು ವಾರಕ್ಕೆ ಒಂದೊಂದು ಕೋನ. ಈಗ ಹೇಳಿಬಿಡಬಹುದಿತ್ತು. ಬಾಯಿ ತೆರೆದಳು. ಆಗ ಹೊರಗಿನಿಂದ ಡಾಕ್ಟರಮ್ಮ "ಸಿಸ್ಟರ್" ಎಂದು ಕರೆದರು, ಅಥವಾ ಕರೆಯಲಿ ಎಂದು ಅವಳೇ ಕಾದಿದ್ದಳು. "ಬನ್ನಿ ಅಕ್ಕ," ಎಂದು ಫೋನು ಇಟ್ಟಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಅದು ಹುಳ್ಳಗಲ್ಲ, ಉಪ್ಪಗೆ ಎನ್ನಿಸಿತು. ನಾಲಗೆಯ ಮೇಲೂ ಅದೇ ಪಾಚಿಯ ರುಚಿ. ಮಧ್ಯಾಹ್ನವೆಲ್ಲ ಯಾರ್ಯಾರದೋ ಬಾಯೊಳಗೆ ದೀಪ ಹಿಡಿದು ನಿಂತಳು. ಒಬ್ಬ ಹೆಂಗಸು ನೋವಿಲ್ಲದಿದ್ದರೂ ಅಳುತ್ತಿದ್ದಳು. ಆಕೆಯ ಭುಜದ ಮೇಲೆ ಕೈಯಿಟ್ಟು, ಇಟ್ಟ ಕೂಡಲೇ ವಾಸನೆಯ ನೆನಪಾಗಿ ತೆಗೆದುಕೊಂಡಳು.

ಬೇಗ ಬಿಡಿಸಿಕೊಂಡು ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಗಿಡವಿತ್ತು. ಬಿಳಿ ಹೂವು, ಬಾಗಿದ ದಂಡು, ಪಾರದರ್ಶಕ ಕುಂಡ, ಕುಂಡದ ಅಂಚಿನಿಂದ ಇಣುಕುವ ಬೂದಿಬಣ್ಣದ ಬೇರುಗಳು. ಏನೂ ಆಗಿಯೇ ಇಲ್ಲವೇನೋ, ಅವತ್ತಿನ ರಜೆಯ ದಿನ ಯಾರದೋ ಕನಸೇನೋ. ಗಂಡ ಅದರ ಹಿಂದೆ, ಮ್ಯಾಜಿಕ್ ಮಾಡಿದವನ ಮುಖ ಹೊತ್ತು ನಿಂತಿದ್ದ.

"ಹೇಗಿದೆ? ನಾಲ್ಕು ಅಂಗಡಿ ಅಲೆದೆ. ಅತ್ತಿಗೆ ನನಗೂ ಫೋನ್ ಮಾಡಿದ್ರು. ಗಾಬರಿ ಆಗ್ಬೇಡ. ಬಿಳಿ ಹೂವು ಬಿಳಿ ಹೂವೇ ಕಣೇ, ಅದೇನು ಆಧಾರ್ ಕಾರ್ಡ್ ಇಟ್ಕೊಂಡಿರುತ್ತಾ?"

"ಅಕ್ಕಂಗೆ ಗೊತ್ತಾಗುತ್ತೆ."

"ಗೊತ್ತಾಗಲ್ಲ. ಆಸ್ಪತ್ರೆ ಬೆಡ್ಡಿಂದ ಎದ್ದು ಬರ್ತಿದ್ದಾರೆ, ಗಿಡದ ಜಾತಕ ನೋಡ್ತಾರಾ? ಮೇಲಾಗಿ ಅವರಿಗೂ ಸಂತೋಷ, ಹೂವು ಬೇರೆ ಬಿಟ್ಟಿದೆ. ನೀನು ಬೆಳೆಸಿದ್ದು ಅಂತ ಮೆಚ್ಕೋತಾರೆ." ಆಮೇಲೆ ಸ್ವಲ್ಪ ಮೆತ್ತಗೆ, "ಸಾಕು ಕಣೇ. ಎಷ್ಟು ದಿನ ಆ ಜಾಡಿ ಮುಂದೆ ಕೂತಿರ್ತೀಯ? ನಾನು ಬಚ್ಚಲಿಗೆ ಹೋದ್ರೆ ಬಂದರಿಗೆ ಹೋದಂಗಾಗುತ್ತೆ. ಹಡಗು ಬರೋದೊಂದು ಬಾಕಿ."

ಅವಳಿಗೆ ನಗು ಬಂತು, ನಕ್ಕಳು ಕೂಡ. ಗಂಡ ಕೆಟ್ಟವನಲ್ಲ. ಅವಳ ಮುಖ ಸಣ್ಣಗಾದರೆ ಅವನಿಗೆ ತಡೆಯದು, ಏನಾದರೂ ತಂದು ಮುಚ್ಚುತ್ತಾನೆ. ಅವಳ ಹೆಸರಿನಲ್ಲಿ ಅವನು ಇಷ್ಟು ವರ್ಷ ಎಷ್ಟೋ ಮುಚ್ಚಿದ್ದಾನೆ. ಸೀದ ಪಾತ್ರೆ, ಮರೆತ ಹುಟ್ಟಿದ ದಿನ, ಬಂಧುಗಳ ಮುಂದೆ ಅವಳು ಆಡದೆ ಉಳಿದ ಮಾತು. ಕುರ್ಚಿ ಎಳೆದುಕೊಂಡು ಹೊಸ ಗಿಡದ ಮುಂದೆ ಕೂತಳು. ಚೆಂದವಿತ್ತು. ಇದನ್ನು ಕೊಟ್ಟುಬಿಟ್ಟರೆ ಅಕ್ಕ ಅವಳನ್ನು ತಬ್ಬಿಕೊಳ್ಳುತ್ತಾರೆ, ನೋಡಿದ್ಯಾ, ಏನೂ ಮಾಡದೆ ಇದ್ದಿದ್ದಕ್ಕೆ ಎಷ್ಟು ಚೆನ್ನಾಗಿ ಬಂದಿದೆ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಷ್ಟು ಸ್ಪಷ್ಟವಾಗಿತ್ತು, ಮತ್ತು ಆ ಮಾತೇ ಅವಳನ್ನು ಕುರ್ಚಿಯಿಂದ ಎಬ್ಬಿಸಿತು. ಬೈಗುಳವನ್ನಾದರೂ ತಿನ್ನಬಹುದು. ಆ ಹೊಗಳಿಕೆ ಗಂಟಲಲ್ಲಿ ಇಳಿಯದು.

ಬಚ್ಚಲ ಬಾಗಿಲು ಹಾಕಿಕೊಂಡಳು. ಚೀಲದ ಟೊಪ್ಪಿಗೆ ಒಳಗಿನಿಂದ ಬೆವರಿತ್ತು. ಹಲ್ಲಿನ ಹಿಂಬದಿ ನೋಡುವ ಪುಟ್ಟ ಕನ್ನಡಿಯೊಂದು, ಹಿಡಿ ಸವೆದು ಕ್ಲಿನಿಕ್ಕಿನಲ್ಲಿ ಮೂಲೆಗೆ ಬಿದ್ದದ್ದು, ಈಗ ಇಲ್ಲಿರುತ್ತಿತ್ತು. ಗಿಡವನ್ನು ಮುಟ್ಟದೆ, ನಾರನ್ನು ಕದಲಿಸದೆ, ಎಲೆಯ ಕೆಳಗೆ ಅದನ್ನು ತೂರಿಸಿ ಮೊಬೈಲಿನ ಬೆಳಕು ಬಿಟ್ಟಳು. ಕನ್ನಡಿಯೊಳಗೆ ಬೊಡ್ಡೆಯ ಅಡಿ ತೇಲಿಬಂತು. ಕತ್ತರಿಸಿದ ಗುರುತುಗಳು ಕಂದುಬಣ್ಣಕ್ಕೆ ತಿರುಗಿ ಒಣಗಿದ್ದವು. ಅವುಗಳ ಮೇಲೆ, ಕೊನೆಯ ಎಲೆಯ ಕಂಕುಳಲ್ಲಿ, ಕಳೆದ ವಾರ ಮೊದಲ ಸಲ ಕಂಡ ಉಬ್ಬು. ಸಾಸಿವೆಯಷ್ಟು. ಹಾಲುಹಲ್ಲು ಒಡೆಯುವ ಮುಂಚೆ ಮಗುವಿನ ವಸಡು ಬೆಳ್ಳಗೆ ಬಿಗಿಯುತ್ತದಲ್ಲ, ಹಾಗೆ. ಬೆಳೆದಿದೆಯೇ? ಬೆಳೆದಿದೆ ಎಂದು ಕಣ್ಣು ಹೇಳುತ್ತಿತ್ತು, ಆದರೆ ತನ್ನ ಕಣ್ಣನ್ನು ಒಮ್ಮೆ ನಂಬಿ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಬೇರಿರಬಹುದು. ಗಾಯದ ಗಂಟಿರಬಹುದು. ಕೊಳೆಯ ಮೊದಲ ಚುಕ್ಕೆಯೂ ಇರಬಹುದು. ಉಗುರಿನಿಂದ ಒಂದೇ ಒಂದು ಸಲ ಒತ್ತಿ ನೋಡಿದರೆ ಈಗಲೇ ತಿಳಿಯುತ್ತದೆ. ಎಡಗೈಯನ್ನು ಬೆನ್ನ ಹಿಂದಕ್ಕೆ ಒಯ್ದಳು. ಕಟ್ಟೆಯ ಮೇಲೆ ಕಪ್ಪು ಬಾಟಲಿ ಇತ್ತು. ಒಂದಿಷ್ಟು ಹೆಚ್ಚು ಸುರಿದರೆ, ಅಕ್ಕ ಬರುವುದರೊಳಗೆ ಏನಾದರೂ ಕಾಣಿಸಿಕೊಂಡೀತೇ? ಮಗುವಿನ ಯೋಚನೆ. ನಾಚಿಕೆಯಾಯಿತು. ಇವತ್ತು ಬೆಳಿಗ್ಗೆಯೇ ನೆನೆಸಿಯಾಗಿದೆ. ಮುಂದಿನದು ನಾಡಿದ್ದು ಬೆಳಿಗ್ಗೆ. ನಾಡಿದ್ದು ಬೆಳಿಗ್ಗೆಯೇ. ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿಮಾಡಿದಳು.

ಹೊರಗೆ ಕಾರಿನ ಬಾಗಿಲು ಸದ್ದಾಯಿತು, ಆಮೇಲೆ ಊರುಗೋಲಿನ ಟಕ್ ಟಕ್. ಅಕ್ಕ ಬಾಗಿಲಲ್ಲಿ ಕಂಡರು. ಅರ್ಧ ಆಗಿದ್ದರು. ಕತ್ತಿನ ಚರ್ಮ ಇಳಿದಿತ್ತು. ಆದರೆ ಕಣ್ಣು ಅದೇ ಕಣ್ಣು, ಒಳಗೆ ಬರುವ ಮೊದಲೇ ಮೇಜಿನ ಮೇಲೆ ಹೋಗಿತ್ತು.

"ಬನ್ನಿ ಅತ್ತಿಗೆ, ಬನ್ನಿ, ಕೂತ್ಕೊಳ್ಳಿ. ನೋಡಿ ನಿಮ್ಮ ಗಿಡ, ನಿಮ್ಮನ್ನ ನೋಡೋಕೆ ಅಂತಾನೇ..." ಎಂದು ಗಂಡ ಶುರುಮಾಡಿದ.

"ಅದಲ್ಲ ಅಕ್ಕ," ಎಂದಳು ಅವಳು. "ಅದು ಇವರು ಅಂಗಡಿಯಿಂದ ತಂದಿದ್ದು. ನಿಮ್ದು ಒಳಗಿದೆ."

ಗಂಡ ಕಿಟಕಿಯ ಕಡೆ ತಿರುಗಿ ಅಲ್ಲಿಲ್ಲದ ಏನನ್ನೋ ನೋಡತೊಡಗಿದ. ಅಕ್ಕ ಕೂರಲಿಲ್ಲ. "ಒಳಗೆ ಎಲ್ಲಿ?"

"ಬಚ್ಚಲಲ್ಲಿ."

"ಬಚ್ಚಲಲ್ಲಾ?"

ಊರುಗೋಲು ಮುಂದೆ, ಅವಳು ಹಿಂದೆ. ಒದ್ದೆ ನೆಲದಲ್ಲಿ ಜಾರದಿರಲಿ ಎಂದು ತೋಳು ಹಿಡಿಯಲು ಹೋದಳು, ಅಕ್ಕ ಬಿಡಿಸಿಕೊಂಡರು. ಜಾಡಿಯ ಮುಂದೆ ಹೋಗಿ ನಿಂತರು. ಕೇಳುವ ಮೊದಲೇ ಅವಳು ಎಲ್ಲ ಹೇಳಿದಳು: ಬೆಳ್ಳಗಿದ್ದವು, ಸತ್ತಿವೆ ಅಂದುಕೊಂಡೆ, ಕತ್ತರಿ ಬಿಸಿ ಮಾಡಿದ್ದೆ, ನೀರು ಬಿದ್ದ ಮೇಲೆ ಹಸಿರಾದವು, ಫೋಟೋಗಳೆಲ್ಲ ಹಳೆಯವು, ಈಗ ಪಾಚಿನೀರಲ್ಲಿ ನೆನೆಸುತ್ತಿದ್ದೇನೆ. ಹೇಳುವಾಗ ದನಿ ಬೇರೆಯವರದ್ದೆನ್ನುವಷ್ಟು ಸಮವಾಗಿತ್ತು, ಡಾಕ್ಟರಮ್ಮನಿಗೆ ರೋಗಿಯ ವಿವರ ಒಪ್ಪಿಸಿದ ಹಾಗೆ.

"ಎಲ್ಲಾನೂ ಕತ್ತರಿಸ್ದ್ಯಾ? ಒಂದೂ ಬಿಡ್ಲಿಲ್ವಾ?"

"ಒಂದೂ ಬಿಡ್ಲಿಲ್ಲ."

"ನನ್ನ ಸೊಂಟ ಕೊಯ್ದ ಡಾಕ್ಟರು ಕೂಡ ನನ್ನ ಒಂದು ಮಾತು ಕೇಳಿ ಕೊಯ್ದ್ರು ಕಣೆ." ಅಕ್ಕ ಅವಳ ಕಡೆ ತಿರುಗಿದರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಏನು ಹೇಳಿದ್ದೆ ನಿನಗೆ?"

"ಏನೂ ಮಾಡ್ಬೇಡ ಅಂದಿದ್ರಿ."

"ಅಷ್ಟು ಮಾಡೋಕೂ ಆಗ್ಲಿಲ್ವಾ?"

"ಅದೇ ಆಗ್ಲಿಲ್ಲ ಅಕ್ಕ."

ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿ, ಕನ್ನಡಕ ಹಾಕಿಕೊಂಡು, ಚೀಲ ಸರಿಸಿ ಬಗ್ಗಿದರು. ಸೊಂಟ ನೋಯುತ್ತಿದೆಯೆಂದು ಉಸಿರಿನಲ್ಲೇ ತಿಳಿಯುತ್ತಿತ್ತು. ಅವಳು ಕನ್ನಡಿ ಹಿಡಿದು ಉಬ್ಬನ್ನು ತೋರಿಸಿದಳು. ಅಕ್ಕ ನೋಡಿದರು, ಮತ್ತೊಮ್ಮೆ ನೋಡಿದರು. "ಇದು ಬೇರಲ್ಲ. ಗಾಯ ಮಾಗಿದ ಗಂಟು. ಇಂಥವು ನಾನು ಎಷ್ಟು ನೋಡಿಲ್ಲ."

"ಇರಬಹುದು," ಎಂದಳು. ಕನ್ನಡಿ ಹಿಡಿದ ಕೈ ಅಲುಗಲಿಲ್ಲ.

"ಬರೀ ಪಾಚಿನೀರಲ್ಲಿ ಏನಾಗುತ್ತೆ? ಕೊಡು ಇಲ್ಲಿ. ನೀನು ಬಿಡು, ನಾನು ನೋಡ್ಕೋತೀನಿ." ಅಕ್ಕನ ಕೈ ಜಾಡಿಯ ಕಡೆ ಬಂತು. ಅಷ್ಟು ಪರಿಚಿತವಾದ ಕೈ, ಸೌಟಿನ ಕಡೆ, ಸಿರಿಂಜಿನ ಕಡೆ ಬಂದದ್ದು, ಈಗ ಬಡಕಲಾಗಿ, ಸೂಜಿ ಚುಚ್ಚಿದ ನೀಲಿಗಳನ್ನು ಹೊತ್ತುಕೊಂಡು. ಅವಳು ಜಾಡಿಯ ಮೇಲೆ ತನ್ನ ಅಂಗೈಯನ್ನು ಇಟ್ಟಳು. ತಳ್ಳಲಿಲ್ಲ, ಸುಮ್ಮನೆ ಇಟ್ಟಳು.

"ಇಲ್ಲ ಅಕ್ಕ. ಈಗ ಕೊಡಲ್ಲ."

"ಏನಂದೆ?"

"ಗಿಡ ನಿಮ್ದೇ. ಕತ್ತರಿಸಿದ್ದು ನಾನು. ಬೇರು ಬರೋವರೆಗೂ ಇಲ್ಲೇ ಇರುತ್ತೆ. ಜಾಗ ಬದಲಾಯಿಸಿದ್ರೆ ಇರೋದೂ ಹೋಗುತ್ತೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು."

"ಬರದಿದ್ರೆ?"

"ಬರೋವರೆಗೂ ಮಾಡ್ತೀನಿ."

"ಸತ್ರೆ?"

"ಸತ್ರೆ ಸತ್ತಿತು ಅಂತ ನಾನೇ ನಿಮ್ಮನೆಗೆ ಬಂದು ಹೇಳ್ತೀನಿ. ಅವತ್ತು ಏನು ಬೇಕಾದ್ರೂ ಅನ್ನಿ."

ಇಬ್ಬರ ಕೈಗಳೂ ಜಾಡಿಯ ಹತ್ತಿರವೇ ಇದ್ದವು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅಕ್ಕ ಅತ್ತುಬಿಡುತ್ತಾರೇನೋ ಎನ್ನಿಸಿತು, ಅಥವಾ ಜಾಡಿಯನ್ನು ಎಳೆದುಕೊಂಡುಬಿಡುತ್ತಾರೇನೋ; ಹಾಗೆ ಎಳೆದರೆ ತಾನು ಬಿಡುವುದಿಲ್ಲ ಎಂಬುದು ಅವಳಿಗೆ ತಿಳಿದುಹೋಗಿತ್ತು, ಮತ್ತು ಆ ತಿಳಿವಿಗೆ ಅವಳೇ ಸ್ವಲ್ಪ ಹೆದರಿದಳು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುವುದು ಮುಗಿಯಲೇ ಇಲ್ಲ.

"ನಿನಗೆ ಇಷ್ಟು ಹಟ ಇದೆ ಅಂತ ನನಗೆ ಗೊತ್ತಿರ್ಲಿಲ್ಲ."

"ನನಗೂ ಗೊತ್ತಿರ್ಲಿಲ್ಲ."

ಅಕ್ಕ ನಗಲಿಲ್ಲ. ಕಾಫಿ ಬೇಡ ಎಂದರು. ಮೆಟ್ಟಿಲಿಳಿಯುವಾಗ ಮೈದುನನ ತೋಳು ಹಿಡಿದುಕೊಂಡರು, ಅವಳದನ್ನಲ್ಲ. ಮೇಜಿನ ಮೇಲಿನ ಹೂವಿನ ಗಿಡವನ್ನು ಗಂಡ ಎಷ್ಟು ಬಲವಂತ ಮಾಡಿದರೂ ತೆಗೆದುಕೊಳ್ಳಲಿಲ್ಲ. ಕಾರಿನ ಕಿಟಕಿ ಇಳಿಸಿ, ಅವಳನ್ನು ನೋಡದೆ, ಎದುರಿನ ರಸ್ತೆಗೆ ಹೇಳುವವರಂತೆ, "ನಾರು ಬಹಳ ಒದ್ದೆ ಇದೆ. ಹಿಂಡಿ ಹಾಕು," ಎಂದು ಮತ್ತೆ ಕಿಟಕಿ ಏರಿಸಿದರು. ಕ್ಷಮಿಸಿದ್ದಲ್ಲ ಅದು. ಕ್ಷಮಿಸಲಿ ಎಂದು ಅವಳು ಕಾದೂ ಇರಲಿಲ್ಲ. ಆದರೂ ಒಳಗೆ ಬಂದು ನಾರನ್ನು ಮುಟ್ಟಿ ನೋಡಿದಳು. ಹೌದು, ಒದ್ದೆ ಹೆಚ್ಚಾಗಿತ್ತು. ಬೊಡ್ಡೆಯನ್ನು ಎಡಗೈಯಲ್ಲಿ ಗಾಳಿಯಲ್ಲೇ ಹಿಡಿದು, ಉಬ್ಬಿಗೆ ಏನೂ ತಗುಲದಂತೆ, ಬಲಗೈಯಿಂದ ನಾರನ್ನು ಹಿಂಡಿದಳು.

ಮೂರನೆಯ ದಿನ ಬೆಳಿಗ್ಗೆ ಸಿರಿಂಜಿನಲ್ಲಿ ಗೆರೆಗೆ ಗೆರೆ ಹೊಂದಿಸಿ ಎಳೆದು, ನೀರಿಗೆ ಬಿಟ್ಟು, ಬುಡವನ್ನು ನೆನೆಯಿಟ್ಟಳು. ಬಚ್ಚಲ ಮಣೆಯ ಮೇಲೆ ಕೂತಳು. ಕನ್ನಡಿ ಕೈಗೆಟುಕುವಲ್ಲೇ ಇತ್ತು, ತೆಗೆದುಕೊಳ್ಳಲಿಲ್ಲ. ಹೊರಗಿನಿಂದ ಗಂಡ ಬಾಗಿಲು ಬಡಿದ.

"ಆಫೀಸಿಗೆ ಹೊತ್ತಾಯ್ತು ಕಣೇ. ಇನ್ನೂ ಎಷ್ಟು ಹೊತ್ತು?"

"ಗೊತ್ತಿಲ್ಲ ರೀ," ಎಂದಳು. "ಪಕ್ಕದ ಮನೆಯವರ ಬಚ್ಚಲು ಖಾಲಿ ಇದೆಯಾ ಕೇಳಿ ನೋಡಿ."